ತೆಗ್ಗೂ ಹೌದು, ದಿಬ್ಬವೂ ಹೌದು

ಯಾರು ಬೇಕಾದರೂ ಉಚಿತವಾಗಿ ಬಳಸಿ, ತಿದ್ದಬಹುದಾದ ಗಣಿತದ ತಂತ್ರಾಂಶವೊಂದಕ್ಕೆ ನಾನು ಹೊಸ ಸೌಲಭ್ಯ ಸೇರಿಸುತ್ತಿದ್ದೆ: ಬ್ರೌಸರಿನಲ್ಲೇ ಮೂರು ಆಯಾಮದ ಗ್ರಾಫ್ ಹಿಡಿದು ತಿರುಗಿಸುವುದು. ‘ನಿಂತ ಚಿತ್ರ ಸಾಲದೇ?’ ಎಂದು, ಹೊಸದೇನೇ ಸೇರಿಸಲೂ ಒಪ್ಪಿಗೆ ಕೊಡಬೇಕಾದ ಪರಿಶೀಲಕರು ತಿಂಗಳುಗಟ್ಟಲೆ ತಡೆದಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಹಿರೇಕೆರೂರಿನ ಕಾಲೇಜೊಂದಕ್ಕೆ ಹೋದೆ. ಲ್ಯಾಬ್ ನೋಡಿಕೊಳ್ಳುವ ಶಾಂತಕ್ಕ ಬಾಗಿಲಲ್ಲೇ ತಡೆದರು.

“ಏನೂ ಇನ್‌ಸ್ಟಾಲ್ ಮಾಡಂಗಿಲ್ರಿ ಸರ. ರೂಲ್ಸ್ ಐತಿ.”

“ಮಾಡೂದಿಲ್ರಿ ಅಕ್ಕಾರ. ಬರೇ ಬ್ರೌಸರ್ ತೆಗೀತೇನಿ.”

ನಂಬಿಕೆ ಬರದೆ ಪಕ್ಕದಲ್ಲೇ ಕೂತರು. ಪರದೆ ಎಷ್ಟೋ ಹೊತ್ತು ಬೆಳ್ಳಗೇ ಇತ್ತು. ಕೊನೆಗೆ ಕುದುರೆಯ ಜೀನಿನಂತೆ ಬಾಗಿದ ಆಕೃತಿ ಮೂಡಿತು. ಮೌಸ್ ಎಳೆದೆ. ಎಲ್ಲೂ ತಡವರಿಸದೆ ತಿರುಗಿತು! ಕುರ್ಚಿಯಿಂದ ಎದ್ದೇಬಿಟ್ಟೆ.

“ಹಿಂದಿನ ಮಗ್ಗಲೂ ಕಾಣಸ್ತೈತೇನ್ರಿ? ಕೊಡ್ರಿ ಇಲ್ಲೆ.” ಶಾಂತಕ್ಕ ಮೌಸ್ ಕಸಿದುಕೊಂಡು ತಿರುಗಿಸಿದರು, ಮತ್ತೆ ತಿರುಗಿಸಿದರು. “ನಾ ಬಿ.ಎಸ್ಸಿ. ಓದುವಾಗ ಬೋರ್ಡ್ ಮ್ಯಾಲೆ ಇದು ತೆಗ್ಗೋ ದಿಬ್ಬೋ ತಿಳೀಲೇ ಇಲ್ರಿ. ಅಲ್ಲೇ ಫೇಲಾದೆ. ಈಗ ನೋಡ್ರಿ, ಇತ್ತಾಗಿಂದ ತೆಗ್ಗು, ಅತ್ತಾಗಿಂದ ದಿಬ್ಬ. ಎರಡೂ ಖರೇನ ಅದಾವಲ್ರಿ!”

ಅವರ ಮಾತನ್ನೇ ಇಂಗ್ಲಿಷಿನಲ್ಲಿ ಬರೆದು ಪರಿಶೀಲಕರಿಗೆ ಕಳಿಸಿದೆ. ಮರುದಿನವೇ ಒಪ್ಪಿಗೆ ಬಂತು. ಜೊತೆಗೆ ಕಳಿಸಿದ್ದ ನನ್ನ ಹನ್ನೆರಡು ಪುಟಗಳ ವಿವರಣೆಯನ್ನು ಇವತ್ತಿನವರೆಗೂ ಯಾರೂ ತೆರೆದಿಲ್ಲ.