ಸಿರ್ಗಾಪುರದ ಮಜ್ಜಿಗೆ

ಈ ಬೆಳಿಗ್ಗೆ ಮಗಳು ಎರಡು ಸಲ ಕೆಮ್ಮಿದಳು. ನನ್ನ ಕೈ ತನ್ನಷ್ಟಕ್ಕೆ ಹೋಗಿ ಅವಳ ಮುಂದಿದ್ದ ಮಜ್ಜಿಗೆ ಲೋಟವನ್ನು ಎತ್ತಿಟ್ಟಿತು. ಎತ್ತಿಟ್ಟ ಮೇಲೆ ನಾಚಿಕೆಯಾಯಿತು ನೋಡಿ. ಥೇಟ್ ನಮ್ಮವ್ವನ ಕೈ!

ನಾನು ಚಿಕ್ಕವನಿದ್ದಾಗ ನಾವು ತಾಂಡೂರಿನಲ್ಲಿದ್ದೆವು. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಶೀನಿನ ಮೇಲೆ ದುಡಿಯುತ್ತಿದ್ದ. ಸಂಜೆ ಬಂದನೆಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. "ಬಂದ್ರು ನೋಡೋ, ಮೈತುಂಬ ಈಬತ್ತಿ ಹಚ್ಕೊಂಡು" ಎಂದು ಅವ್ವ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ, ನಗು ಹೋಗಿ ಕೆಮ್ಮಾಗುತ್ತಿತ್ತು. ಆ ಕೆಮ್ಮಿಗೆ ಅವ್ವ ಕಂಡುಹಿಡಿದ ಕಾರಣ ಮಜ್ಜಿಗೆ. ಥಂಡಿ ಪದಾರ್ಥ ಅಲ್ಲವೇ! ರೊಟ್ಟಿಯ ಜೊತೆ ಚೆಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತಿದ್ದ ಮನುಷ್ಯನಿಗೆ ಅಂದಿನಿಂದ ಬರೀ ಬೇಳೆ. ನಾನು ಪಕ್ಕದ ಮನೆಯಲ್ಲಿ ಕದ್ದು ಕುಡಿದು ಬಂದರೆ, ಅಪ್ಪ ನನ್ನ ಬಾಯಿಯ ಹತ್ತಿರ ಮೂಗು ತಂದು ಮೆಲ್ಲಗೆ ಕೇಳುತ್ತಿದ್ದ: "ಹುಳಿ ಇತ್ತೇನೋ?"

ಬೇಸಿಗೆಗೆ ಸಿರ್ಗಾಪುರದ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಅಳಿಯ ಕೇಳಿದರೆ ಅಜ್ಜಿ ಇಲ್ಲವೆನ್ನುತ್ತಾಳೆಯೇ? ಅಪ್ಪ ಚೆಂಬು ಎತ್ತಿದನೆಂದರೆ ತಳ ಕಾಣುವವರೆಗೆ ಇಳಿಸುತ್ತಿರಲಿಲ್ಲ. ಒಂದೇ ಉಸಿರು. ಒಂದು ಬೇಸಿಗೆ ಹಾಗೆ ಎಂಟು ದಿನ ಕುಡಿದ, ಕೆಮ್ಮಿನ ಸುಳಿವೇ ಇಲ್ಲ! "ಇಲ್ಲಿ ಎಮ್ಮಿ ಮಜ್ಜಿಗೀನ ಬ್ಯಾರೆ" ಎಂದ ಅವ್ವ, ಹೆಪ್ಪಿಗೆಂದು ಅದನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಬಸ್ ಹತ್ತಿದಳು. ತಾಂಡೂರಿನಲ್ಲಿ ಅಪ್ಪ ಅದೇ ಹೆಪ್ಪಿನ ಮಜ್ಜಿಗೆ ಕುಡಿದು ಮತ್ತೆ ಮಶೀನಿಗೆ ಹೋದ. ಮೂರನೇ ದಿನಕ್ಕೆ ಕೆಮ್ಮು ಹಾಜರು. "ಬಸ್ಸಿನ್ಯಾಗ ಕುಲುಕಿ ಕೆಟ್ಟದ" ಎಂದು ಅವ್ವ ಅದನ್ನೂ ಚೆಲ್ಲಿದಳು. ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ನಾನಂತೂ ಶಾಲೆಯಲ್ಲಿ ಜಾಣ ಎನಿಸಿಕೊಂಡವನು!

ಎಷ್ಟೋ ವರ್ಷಗಳ ಮೇಲೆ ಅಪ್ಪನ ಎದೆ ನೋಡಿದ ಒಬ್ಬ ಡಾಕ್ಟರು, "ಏನ್ ಕೆಲಸ ಮಾಡ್ತೀರಿ?" ಎಂದರು. ಅಲ್ಲಿಯವರೆಗೆ ಎಲ್ಲರೂ ಏನು ತಿನ್ನುತ್ತೀರಿ ಎಂದೇ ಕೇಳಿದ್ದರು. ಅಪ್ಪ ಮಶೀನಿನ ಮಾತು ಹೇಳಿದ ಮೇಲೆ ಅವರೆಂದರು: "ಕಲ್ಲಿನ ಧೂಳ ಎದ್ಯಾಗ ಕುಂತದ. ಮಜ್ಜಿಗಿ ಏನ್ ಮಾಡ್ತದರಿ ಪಾಪ, ಕುಡೀರಿ."

ಮನೆಗೆ ಬಂದವಳೇ ಅವ್ವ ಪಕ್ಕದ ಮನೆಯಿಂದ ಮೊಸರು ತಂದು ಕಡೆದು ಚೆಂಬು ತುಂಬಿ ಕೊಟ್ಟಳು. ಅಪ್ಪ ಎರಡು ಗುಟುಕು ಕುಡಿದು ಚೆಂಬು ಇಳಿಸಿದ. ಉಸಿರು ಎಳೆದುಕೊಂಡ. ಮತ್ತೆ ಎರಡು ಗುಟುಕು. ಅವ್ವ ಒಳಗೆ ಹೋಗಿ ಅತ್ತಳು.

ಈಗ ಅವರಿಬ್ಬರೂ ಇಲ್ಲ. ಜಹೀರಾಬಾದಿನ ನಮ್ಮ ಮನೆ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಹಗಲಿಡೀ ಲಾರಿ, ಕಬ್ಬಿನ ಟ್ರ್ಯಾಕ್ಟರು. ಮಗಳ ಲೋಟ ಎತ್ತಿಟ್ಟ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದೆ, ಬೆರಳು ಕಪ್ಪಾಯಿತು. ಕಿಟಕಿ ಮುಚ್ಚಿ ಒದ್ದೆ ಬಟ್ಟೆಯಿಂದ ಒರೆಸಿದೆ. ಆಟೋದಲ್ಲಿ ಶಾಲೆಗೆ ಹೋಗುವಾಗ ಮೂಗಿಗೆ ಕಟ್ಟಿಕೊಳ್ಳಲೆಂದು ಮಗಳಿಗೊಂದು ಬಟ್ಟೆ ತೆಗೆದಿಟ್ಟೆ. ಇದೆಲ್ಲ ಎಷ್ಟು ತಡೆದೀತೋ ದೇವರಿಗೇ ಗೊತ್ತು, ಹೆದರಿಕೆಯಂತೂ ಇದೆ. ಆಮೇಲೆ ಲೋಟವನ್ನು ತಂದು ಅವಳ ಕೈಗೇ ಕೊಟ್ಟೆ.

ಎತ್ತಿದವಳು ಇಳಿಸಲೇ ಇಲ್ಲ, ಒಂದೇ ಉಸಿರಿಗೆ ಕುಡಿದಳು. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಹುಳಿ ಇತ್ತೇನವ್ವಾ?" ಎಂದು ಕೇಳಿದೆ.