ಮೊದಲು ಭಯ, ಆಮೇಲೆ ಬಣ್ಣ

ಬೆಳಗಿನ ಐದೂವರೆ. ಲಿಫ್ಟ್ ತಯಾರಿಸುವ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಗೋಡೆಗಳು ಬೆವರುತ್ತಿವೆ. ಬೇಕೆಂದೇ ತೇವ ತುಂಬಿಸಿದ ಕೋಣೆ ಅದು. ನಡುವೆ ಒಂದು ಬ್ರೇಕು ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಗಾಜಿನಾಚೆ ನಿಂತ ಐವತ್ತೆರಡರ ಹೆಂಗಸು ಎಣಿಕೆಯ ಪರದೆಯಿಂದ ಕಣ್ಣು ಕೀಳುತ್ತಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಕುರ್ಚಿ ಎಳೆದುಕೊಟ್ಟರೆ ಕೂತ ಹಾಗೆ ಮಾಡಿ ಎದ್ದುಬಿಡುತ್ತಾರೆ. ಎರಡು ಲಕ್ಷ ಸಲ ಜಾರದೆ ಹಿಡಿದರೆ ಬ್ರೇಕು ಪಾಸು. ಹತ್ತು ಗಂಟೆಯ ಸಭೆಯಲ್ಲಿ ಅದರ ಭಾಗಗಳನ್ನು ಎರಕ ಹೊಯ್ಯುವ ಅಚ್ಚುಗಳಿಗೆ ಆರ್ಡರ್. ಈಗ ಒಂದು ಲಕ್ಷ ತೊಂಬತ್ತೊಂದು ಸಾವಿರ ದಾಟಿದೆ.

ಕಾರ್ಖಾನೆಯವರ ಬಾಯಲ್ಲಿ ಇವರು 'ಅನುಮಾನದಕ್ಕ'. ಹೊಸ ಯಂತ್ರದಲ್ಲಿ ಯಾವುದನ್ನು, ಯಾವಾಗ, ಎಷ್ಟು ದಿನ ಪರೀಕ್ಷಿಸಬೇಕು ಎಂದು ಯೋಜನೆ ಹಾಕುವುದು ಇವರ ಕೆಲಸ. ಪ್ರತಿ ಎಂಜಿನಿಯರ್ ಬಳಿಯೂ ಇವರದು ಒಂದೇ ಪ್ರಶ್ನೆ: "ಇದರಲ್ಲಿ ನಿಮಗೆ ಗೊತ್ತಿಲ್ದೇ ಇರೋದು ಏನು?" ಗೊತ್ತಿಲ್ಲ ಎಂದು ಬರೆದುಕೊಡಲು ಯಾರಿಗೆ ತಾನೇ ಇಷ್ಟ? ಇವರನ್ನು ಕಂಡರೆ ಕೆಲವರು ಫೋನ್ ಕಿವಿಗಿಟ್ಟುಕೊಂಡು ಜಾಗ ಖಾಲಿ ಮಾಡುತ್ತಾರೆ. ಈ ಸಲ ನಲವತ್ತೊಂದು 'ಗೊತ್ತಿಲ್ಲ'ಗಳು ಸಿಕ್ಕಿವೆ. ಅತಿ ಹೆಚ್ಚು ಭಯ ಹುಟ್ಟಿಸುವುದಕ್ಕೆ ಮೊದಲ ಪರೀಕ್ಷೆ. ಮನೆಯಲ್ಲೂ ಗ್ಯಾಸ್ ಆಫ್ ಆಯಿತೇ ಎಂದು ನಾಲ್ಕು ಸಲ ಕೇಳುತ್ತಾಳೆ ಎಂಬುದು ಯಜಮಾನರ ದೂರು.

ಹನ್ನೊಂದು ವರ್ಷದ ಹಿಂದೆ ಇವರ ಯೋಜನೆಯಲ್ಲಿ ಸುಲಭದ ಪರೀಕ್ಷೆಗಳೇ ಮುಂದಿದ್ದವು. "ಗುಂಡಿ, ಬಾಗಿಲು, ಬಣ್ಣ, ಎಲ್ಲಾ ಟಿಕ್ ಹಾಕಿ ಮುಗಿಸಿದ್ವಿ. ನೂರಕ್ಕೆ ತೊಂಬತ್ತು ಆಯ್ತು ಅಂತ ನಾನೇ ಬೀಗ್ತಾ ವರದಿ ಕೊಟ್ಟೆ. ಬ್ರೇಕು ಇದ್ದಿದ್ದು ಉಳಿದ ಹತ್ತರಲ್ಲಿ. ಟೈಮಿರ್ಲಿಲ್ಲ. ಒಣ ಕೋಣೇಲಿ ಎರಡು ದಿನ ನೋಡಿ ಕಳಿಸಿಬಿಟ್ವಿ."

ಮಳೆಗಾಲದ ತೇವಕ್ಕೆ ಬ್ರೇಕು ಹಿಡಿಯದೆ, ಒಂದು ಆಸ್ಪತ್ರೆಯೊಳಗೆ ಆ ಲಿಫ್ಟ್ ಅರ್ಧ ಮಹಡಿ ಜಾರಿತು. ಸ್ಟ್ರೆಚರ್ ತಳ್ಳುತ್ತಿದ್ದ ವಾರ್ಡ್ ನೌಕರನ ಪಾದ ನಜ್ಜುಗುಜ್ಜಾಯಿತು. ಇದನ್ನು ಹೇಳುವಾಗ ಅವರು ನನ್ನತ್ತ ನೋಡುವುದಿಲ್ಲ. ಅದೇ ಆಸ್ಪತ್ರೆಗೆ ಈಗ ಹೊಸ ಲಿಫ್ಟ್ ತಯಾರಾಗುತ್ತಿದೆ.

ಇದ್ದಕ್ಕಿದ್ದಂತೆ ಕೀರಲು ಸದ್ದು. ಬ್ರೇಕು ಒಂದು ಗೇಣು ಜಾರುತ್ತದೆ. ಅದರ ವಿನ್ಯಾಸ ಮಾಡಿದ ಹಳೆಯ ಸಹೋದ್ಯೋಗಿ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. "ಅಕ್ಕಾ, ಇನ್ನೊಂಬತ್ತು ಸಾವಿರ ತಾನೇ? ಎರಡು ಲಕ್ಷ ಅಂತ ಬರ್ದುಬಿಡಿ. ಯಾರು ಕೇಳ್ತಾರೆ?"

"ನಾನೇ ಕೇಳ್ತೀನಲ್ಲಪ್ಪಾ." ಎಣಿಕೆಯನ್ನು ಇದ್ದಂತೆಯೇ ದಾಖಲಿಸಿ, ಪಕ್ಕದಲ್ಲಿ 'ಜಾರಿತು' ಎಂದು ಬರೆಯುತ್ತಾರೆ.

ಸಭೆಯಲ್ಲಿ ಮ್ಯಾನೇಜರ್ ಸಿಡಿಮಿಡಿ. "ಆರು ವಾರ ಹಾಳು ಮಾಡಿದ್ರಲ್ಲಮ್ಮಾ!"

"ಅಚ್ಚು ಇನ್ನೂ ಮಾಡಿಸಿಲ್ಲ ಸಾರ್. ಈಗಾದ್ರೆ ತಿದ್ದಬಹುದು. ಜನ ಹತ್ತಿದ ಮೇಲೆ ಹೇಗೆ ತಿದ್ತೀರಾ?"

ಗೊಣಗುತ್ತಲೇ ಮ್ಯಾನೇಜರ್ ಬ್ರೇಕು ತಿದ್ದಿ ಮತ್ತೆ ಪರೀಕ್ಷಿಸಲು ಇನ್ನೂ ಎಂಟು ವಾರಕ್ಕೆ ಸಹಿ ಹಾಕುತ್ತಾರೆ.

ಹೊರಗೆ ಬಂದರೂ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿಮ್ಮದೊಂದು ಆಸೆ ಹೇಳಿ ಎನ್ನುತ್ತೇನೆ.

"ಪಾದ ಜಜ್ಜಿಹೋಯ್ತಲ್ಲ, ಆ ವಾರ್ಡಿನ ಅಣ್ಣ ಈಗ್ಲೂ ಅದೇ ಆಸ್ಪತ್ರೇಲಿ ಕೆಲಸದಲ್ಲಿದ್ದಾರೆ. ಕುಂಟ್ಕೊಂಡು ನಾಲ್ಕು ಮಹಡಿ ಮೆಟ್ಟಿಲು ಹತ್ತಾರೆ, ಲಿಫ್ಟ್ ಹತ್ರ ಸುಳಿಯಲ್ಲ. ಹೊಸದು ಕೂರಿಸಿದ ದಿನ ನಾನು ಹೋಗ್ಬೇಕು. ಮೊದಲು ನಾನು ಒಳಗೆ ಕಾಲಿಟ್ಟು, ಬನ್ನಿ ಅಣ್ಣಾ ಅಂತ ಕರೀಬೇಕು. ಬಂದ್ರೆ ಸಾಕು."