ಕೊಳಗ ಮುಟ್ಟಿದವಳು ನಾನು

ಮ್ಯೂಸಿಯಂನಲ್ಲಿ ಆ ಕೊಳಗ ಮುಟ್ಟಿದವಳು ನಾನು. ಪವಿತ್ರಾ ಅಲ್ಲ. ಏಳನೇ ಕ್ಲಾಸಿನ ಆ ಹುಡುಗಿಯ ತಲೆಗೆ ಅದನ್ನು ಕಟ್ಟಿದವಳೂ ನಾನೇ — ಅವಳ ಟೀಚರು. ಇದನ್ನು ಓದಿ ‘ಅಯ್ಯೋ, ಇಷ್ಟೇನಾ, ಯಾರನ್ನೋ ಕೊಂದವರ ಹಾಗೆ ಮಾತಾಡ್ತೀರಲ್ಲ’ ಅನ್ನುವವರಿದ್ದರೆ ಇಲ್ಲಿಗೇ ನಿಲ್ಲಿಸಿಬಿಡಿ. ನಿಮ್ಮ ಸಮಾಧಾನ ನನಗೆ ಬೇಡ. ಅದನ್ನು ಇಷ್ಟು ವರ್ಷ ನನಗೆ ನಾನೇ ಧಾರಾಳವಾಗಿ ಹೇಳಿಕೊಂಡಿದ್ದೇನೆ.

ನಾನು ಶಿಕಾರಿಪುರದ ಕಡೆಯ ಒಕ್ಕಲುತನದ ಮನೆಯವಳು. ಕೆಲಸ ಸಿಕ್ಕಿದ್ದು ಸೊರಬ ತಾಲ್ಲೂಕಿನಲ್ಲಿ, ಜಡೆಯ ಆಚೆಗಿನ ಒಂದು ಹಳ್ಳಿಶಾಲೆಯಲ್ಲಿ. ಪವಿತ್ರಾ ಅಲ್ಲಿ ನನ್ನ ಕ್ಲಾಸಿನಲ್ಲಿದ್ದಳು. ಕೂಲಿ ಮಾಡುವ ತಾಯಿಗೆ ಒಬ್ಬಳೇ ಮಗಳು. ಚಿತ್ರ ಬರೆಯುವುದೊಂದಿದ್ದರೆ ಅವಳಿಗೆ ಊಟ ತಿಂಡಿಯೂ ಬೇಡ. ಬೆಂಗಳೂರಿನ ಆಧುನಿಕ ಕಲೆಯ ಮ್ಯೂಸಿಯಂ ಒಂದಕ್ಕೆ ಅವಳ ಚಿತ್ರ ಕಳಿಸಿದ್ದೆವು, ಅವರಿಗೆ ಅದು ಹಿಡಿಸಿತು. ರಜೆಯಲ್ಲಿ ಅಲ್ಲೇ ಇದ್ದು ಕಲಿಯುವ ಶಿಬಿರಕ್ಕೆ ಅವಳನ್ನು ಸೇರಿಸಿಕೊಳ್ಳುತ್ತೇವೆ ಎಂದರು. ಅದಕ್ಕೆ ಮೊದಲು ಕ್ಲಾಸಿನ ಮಕ್ಕಳನ್ನೆಲ್ಲ ಒಮ್ಮೆ ಕರೆದುಕೊಂಡು ಬನ್ನಿ ಎಂದರು. ಹೋದೆವು.

ಒಳಗೆ ಕಾಲಿಡುವ ಮೊದಲೇ ನನ್ನ ಮೈ ಉರಿಯುತ್ತಿತ್ತು. ಬಸ್ಸಿನಲ್ಲಿ ನಿದ್ದೆಯಿಲ್ಲ, ದಾರಿಯುದ್ದಕ್ಕೂ ಮಕ್ಕಳ ವಾಂತಿ. ‘ಕೈ ಹಿಂದೆ ಕಟ್ಟಿಕೊಳ್ಳಿ, ಏನಾದ್ರೂ ಮುಟ್ಟಿದ್ರೋ, ಚರ್ಮ ಸುಲಿದುಬಿಡ್ತೀನಿ’ ಅಂದಿದ್ದೆ. ಒಂದು ಗೋಡೆಗೆ ಬರೀ ಕೆಂಪು ಬಳಿದ ದೊಡ್ಡ ಚಿತ್ರ. ‘ಟೀಚರ್, ಇದಿನ್ನೂ ಬರೆದು ಮುಗಿದಿಲ್ವಾ?’ ಅಂತ ಒಬ್ಬ ಕೇಳಿದ. ನನಗೂ ಹಾಗೇ ಅನ್ನಿಸಿತ್ತು. ಆದರೂ ಅವನನ್ನು ಗದರಿಸಿದೆ. ನಮಗೆ ಎಲ್ಲ ತೋರಿಸಿಕೊಂಡು ಬರುತ್ತಿದ್ದ ಅಲ್ಲಿಯ ಹೆಂಗಸು ನಕ್ಕಳು — ಹುಡುಗನನ್ನಲ್ಲ, ನನ್ನನ್ನು ನೋಡಿ. ಹಾಗಂತ ನನಗೆ ಕಂಡಿತು. ಆ ನಗೆಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿದ್ದು ಸುಳ್ಳಲ್ಲ.

ಪವಿತ್ರಾ ಮಾತ್ರ ಪ್ರತಿಯೊಂದರ ಮುಂದೂ ನಿಂತು ಹಿಂದೆ ಉಳಿಯುತ್ತಿದ್ದಳು. ‘ಹೀಗೂ ಬರೀಬಹುದಾ ಟೀಚರ್?’ ಎಂದು ಕೇಳಿದಳು. ‘ಸಾಲು ಬಿಡಬೇಡ, ನಡಿ’ ಅಂದೆ.

ಕೊನೆಯ ಕೋಣೆಯಲ್ಲಿ ನೆಲದ ಮೇಲೆ ಭತ್ತ ಸುರಿದಿದ್ದರು. ನಿಜವಾದ ಭತ್ತ, ಸುತ್ತ ಹಗ್ಗ. ರಾಶಿಯ ನೆತ್ತಿಯಲ್ಲಿ ಹಳೆಯ ಮರದ ಕೊಳಗವೊಂದನ್ನು ಬೋರಲು ಹಾಕಿದ್ದರು. ಅದೇ ಕಲೆಯಂತೆ! ಭತ್ತ ಅಳೆಯುವ ಕೊಳಗವನ್ನು ನಮ್ಮ ಮನೆಯಲ್ಲಿ ಯಾರೂ ಬೋರಲು ಹಾಕುವುದಿಲ್ಲ. ಬರಿದಾಗಿಯೂ ಇಡುವುದಿಲ್ಲ, ತಳದಲ್ಲಿ ಒಂದು ಹಿಡಿ ಕಾಳಾದರೂ ಇರಬೇಕು. ಕಣದಲ್ಲಿ ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುವ ಜನ ನಾವು. ಚಿಕ್ಕವಳಿದ್ದಾಗ ಆಟಕ್ಕೆ ಕೊಳಗ ಮಗುಚಿ, ಮನೆ ಹಾಳು ಮಾಡ್ತೀಯೇನೇ ಅಂತ ಅಜ್ಜಿಯ ಕೈಯಲ್ಲಿ ಬೆನ್ನಿಗೆ ತಿಂದಿದ್ದೆ.

ಎಲ್ಲರೂ ಮುಂದಿನ ಬಾಗಿಲ ಕಡೆ ತಿರುಗಿದ್ದರು. ನಾನು ಯೋಚಿಸಲಿಲ್ಲ — ಚಪ್ಪಲಿ ಬಿಟ್ಟೆ, ಹಗ್ಗ ದಾಟಿದೆ, ಕೊಳಗ ಎತ್ತಿ ನೆಟ್ಟಗೆ ನಿಲ್ಲಿಸಿದೆ. ಒಂದು ಹಿಡಿ ಭತ್ತ ಹಾಕಿ ಕಣ್ಣಿಗೊತ್ತಿಕೊಂಡೆ. ರಾಶಿ ಒಂದು ಬದಿಗೆ ಜಾರಿತು. ಈಚೆ ಬಂದು ಚಪ್ಪಲಿ ಮೆಟ್ಟಿ ತಿರುಗಿದರೆ, ಪವಿತ್ರಾ ಹಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊರಗೆ ಚೆಲ್ಲಿದ ಕಾಳುಗಳನ್ನು ಯಾರ ಕಾಲಿಗೂ ಸಿಗದ ಹಾಗೆ ಆರಿಸಿ ಮುಷ್ಟಿ ತುಂಬುತ್ತಿದ್ದಳು.

ಕಾವಲಿನವನು ಕೂಗಿದ. ಆ ಹೆಂಗಸು ಓಡಿ ಬಂದಳು.

‘ಯಾರು ಮುಟ್ಟಿದ್ದು?’

ಅವಳು ಕೇಳಿದ್ದು ನನ್ನನ್ನು. ‘ನಾನು’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ — ಬಿ.ಎಡ್. ಮಾಡಿದ ಟೀಚರು, ಮೂಢನಂಬಿಕೆ ಬಿಡಿ ಅಂತ ಬೋರ್ಡಿನ ಮೇಲೆ ಬರೆಸುವವಳು, ಹಳ್ಳಿ ಗುಗ್ಗಿನ ಹಾಗೆ ಕೊಳಗಕ್ಕೆ ಕೈ ಮುಗಿದಳು ಅಂತ ಇವಳು ಮತ್ತೆ ನಗುವುದನ್ನು ನೋಡಬೇಕೇ ನಾನು...

‘ಇವಳೇ. ಎಷ್ಟು ಹೇಳಿದ್ರೂ ಇವಳಿಗೆ ಬುದ್ಧಿ ಬರಲ್ಲ’ ಅಂದೆ.

ಪವಿತ್ರಾ ಮುಷ್ಟಿ ಬಿಚ್ಚಲಿಲ್ಲ. ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ, ಗುರಾಯಿಸಿದೆ. ಹಾಗೆ ಗುರಾಯಿಸುವ ಧೈರ್ಯ ನನಗೆ ಎಲ್ಲಿಂದ ಬಂತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಕಲಾಕೃತಿಗೆ ಮರ್ಯಾದೆ ಕೊಡಲು ಬಾರದ ಮಗು ಶಿಬಿರಕ್ಕೆ ಬೇಡ ಎಂದರು. ವಾಪಸು ಬಂದಾಗ ಅವಳ ತಾಯಿ ಬಸ್ಸಿನ ಹತ್ತಿರ ನಿಂತಿದ್ದರು. ‘ನಿಮ್ಮ ಮಗಳು ನಮ್ಮ ಶಾಲೆ ಮಾನ ಕಳೆದಳು ಕಣ್ರೀ’ ಅಂದೆ. ಮಾರನೆಯ ದಿನ ಪವಿತ್ರಾ ಶಾಲೆಗೆ ಬರಲಿಲ್ಲ. ಅವಳ ಬಣ್ಣದ ಪೆಟ್ಟಿಗೆಯನ್ನು ತಾಯಿ ಬಚ್ಚಲೊಲೆಗೆ ಹಾಕಿದರೆಂದು ಮಕ್ಕಳು ಹೇಳಿದರು. ಆಮೇಲೆ ಚಿತ್ರದ ಪೀರಿಯಡ್ಡಿನಲ್ಲಿ ಅವಳು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂರುತ್ತಿದ್ದಳು. ‘ಜಂಬ ನೋಡು ಇದರದ್ದು’ ಅಂತ ನಾನು ಬೈಯುತ್ತಿದ್ದೆ. ತಪ್ಪು ನನ್ನದು, ಸಿಟ್ಟು ಅವಳ ಮೇಲೆ. ಅವಳನ್ನು ಕಂಡರೆ ಆಗುತ್ತಿರಲಿಲ್ಲ ನನಗೆ. ಅವಳು ಆ ಶಾಲೆ ಬಿಟ್ಟು ಹೋದ ದಿನ — ಹೇಳಿಯೇಬಿಡುತ್ತೇನೆ — ಖುಷಿಯಾಗಿತ್ತು.

ಮೊನ್ನೆ ಸಂತೆಯ ದಿನ ಶಿರಾಳಕೊಪ್ಪದಲ್ಲಿ ಬ್ಲೌಸ್ ಹೊಲಿಸಲು ಹೊಸ ಅಂಗಡಿಯೊಂದಕ್ಕೆ ಹೋದೆ. ಮಿಷನ್ ಮುಂದೆ ಪವಿತ್ರಾ. ಗುರುತು ಹಿಡಿದಳು, ನಗಲಿಲ್ಲ. ಅಳತೆ ಟೇಪು ಹಿಡಿದು ನನ್ನ ಭುಜಕ್ಕೆ ಕೈ ಹಾಕಿದಾಗ ನನಗೆ ತಡೆಯಲಾಗಲಿಲ್ಲ. ಕೊಳಗ ಮುಟ್ಟಿದ್ದು ನಾನು ಅಂದೆ.

‘ಗೊತ್ತು. ನೋಡಿದ್ದೆ’ ಅಂದಳು. ಟೇಪು ನಿಲ್ಲಲಿಲ್ಲ.

‘ತಪ್ಪಾಯ್ತು ಕಣೇ.’

‘ನನ್ನ ಹತ್ರ ಹೇಳಿ ಎಂಥ ಮಾಡ್ತೀರಿ? ನಂಗೆ ಗೊತ್ತಿಲ್ಲದ್ದು ಅದ್ರಲ್ಲಿ ಏನಿದೆ? ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ನಾನೇ ಬೇಕಾ? ಹೇಳೋದಾದ್ರೆ ನಮ್ಮಮ್ಮನ ಹತ್ರ ಹೋಗಿ ಹೇಳಿ. ಧೈರ್ಯ ಇದ್ರೆ.’

ಬ್ಲೌಸಿನ ಬಟ್ಟೆಯನ್ನು ವಾಪಸು ನನ್ನ ಕೈಗೇ ಕೊಟ್ಟಳು.

ನಿನ್ನೆ ಆ ಹಳೆಯ ಶಾಲೆಯ ಊರಿಗೆ ಹೋದೆ. ಅವಳ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು ಚಾಪೆ ಹಾಸಿದರು, ನೀರು ಬೆಲ್ಲ ತಂದಿಟ್ಟರು. ‘ನಮ್ಮಂಥವ್ರ ಮನೆಗೆ ಟೀಚರು ಬಂದ್ರಲ್ಲ’ ಅಂದರು. ನಾನು ನೀರು ಮುಟ್ಟದೆ, ಒಂದನ್ನೂ ಬಿಡದೆ, ಕೊಳಗದಿಂದ ಹಿಡಿದು ಬಸ್ಸಿನ ಹತ್ತಿರ ಆಡಿದ ಮಾತಿನ ತನಕ ಎಲ್ಲ ಹೇಳಿದೆ. ಅವರು ಮೊರದ ಕಡೆಗೇ ನೋಡುತ್ತ ಕೂತಿದ್ದರು.

‘ಬಂದ ದಿನವೇ ಹೇಳಿದ್ಲು’ ಅಂದರು ಕೊನೆಗೆ. ‘ಟೀಚರೇ ಮುಟ್ಟಿದ್ದಮ್ಮಾ, ನಾನು ಕಾಳು ಆರಿಸಿದ್ದಷ್ಟೇ ಅಂತ ಕಾಲು ಹಿಡ್ಕಂಡು ಅತ್ತಿತ್ತು ಕೂಸು. ಬಣ್ಣ ಸುಟ್ಟಿದ್ದು, ಬರೆ ಹಾಕಿದ್ದು ಎಂಥಕ್ಕೆ ಅಂದ್ಕಂಡ್ರಿ? ಅಲ್ಲಿ ಏನೋ ಮುಟ್ಟಿದ್ಲು ಅಂತಲ್ಲ. ಪಾಠ ಹೇಳೋ ಟೀಚರ ಮೇಲೇ ಸುಳ್ಳು ಹೇಳ್ತಾಳಲ್ಲ ಅಂತ.’



‘ಏಳಿ’ ಅಂದರು.

ಎದ್ದೆ. ಅಂಗಳ ದಾಟಿ ರಸ್ತೆಗೆ ಬಂದೆ. ಹೋಗಿ ಬನ್ನಿ ಅಂತ ಅವರು ಅನ್ನಲಿಲ್ಲ, ಅನ್ನಲೂಬಾರದು.